ಮಹಾರಾಜನ ಪಕ್ಷಪಾತಿ

ಏರ್ ಇಂಡಿಯಾದ ಆಡಳಿತವು ಕಳೆದ ಎರಡು ದಶಕಗಳಲ್ಲಿ ಕೈಗೊಂಡ ನಿರ್ಣಯಗಳನ್ನು ಒಂದೊಂದಾಗಿ ತೂಗಿ ನೋಡಿದವನು ಆ ಸಂಸ್ಥೆಯ ಟಿಕೇಟನ್ನು ಮತ್ತೆ ಕೊಳ್ಳಲಾರನು. ತೂಗಿ ನೋಡಿದ ಮೇಲೆಯೂ ಕೊಳ್ಳುತ್ತಿರುವವರಲ್ಲಿ ನಾನೂ ಒಬ್ಬನು.

ದೋಷಗಳನ್ನು ಮುಚ್ಚಿಡುವುದು ಅಭಿಮಾನಿಗೆ ಒಪ್ಪಬಹುದು, ರಸಿಕನಿಗೆ ಒಪ್ಪದು. ಬಹುಮಟ್ಟಿಗೆ ಏರ್‌ಬಸ್ಸನ್ನು ನೆಚ್ಚಿ ದೇಶದೊಳಗೆ ಹಾರುತ್ತಿದ್ದ ಇಂಡಿಯನ್ ಏರ್‌ಲೈನ್ಸನ್ನೂ, ಬೋಯಿಂಗನ್ನು ನೆಚ್ಚಿ ಸಾಗರಗಳನ್ನು ದಾಟುತ್ತಿದ್ದ ಏರ್ ಇಂಡಿಯಾವನ್ನೂ, ವೇತನ, ಬಡ್ತಿ, ಕಾರ್ಮಿಕ ಸಂಘ ಇವುಗಳಲ್ಲಿ ಹೊಂದಾಣಿಕೆಯಿಲ್ಲದಿದ್ದಾಗಲೇ ಸರಕಾರವು 2007ರಲ್ಲಿ ಒಂದುಗೂಡಿಸಿತು. ಅದಕ್ಕೆ ಮೊದಲೇ ಎರಡೂ ಸಂಸ್ಥೆಗಳು ಒಟ್ಟು 111 ಹೊಸ ವಿಮಾನಗಳನ್ನು ಕೊಳ್ಳಲು ಒಪ್ಪಿ ಸಾಲದ ಹೊರೆಗೆ ಹೆಗಲು ಕೊಟ್ಟಿದ್ದವು. ಪರಿಣಾಮವನ್ನು ಎಲ್ಲರೂ ಬಲ್ಲರು.

ಇಂತಹ ಸಂಸ್ಥೆಯಲ್ಲಿ ಮೆಚ್ಚತಕ್ಕದ್ದೇನೆಂದರೆ, ಅದರ ಹುಟ್ಟುಗುಣ. 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲಗಳನ್ನು ಹೊತ್ತು ತಾನೇ ವಿಮಾನ ನಡೆಸಿ ತಂದ ಜೆ. ಆರ್. ಡಿ. ಟಾಟಾ, ಮುಂದೆ ಅಧ್ಯಕ್ಷಪದವಿಯಲ್ಲಿದ್ದು, ವಿಮಾನದಲ್ಲಿ ಕೊಡುವ ಚಹಕ್ಕೂ ಕಾಫಿಗೂ ಬಣ್ಣದಲ್ಲಿ ಭೇದವೇ ಕಾಣದೆಂದು ಅಧಿಕಾರಿಗಳಿಗೆ ಟಿಪ್ಪಣಿ ಬರೆಯುವಷ್ಟು ಸೂಕ್ಷ್ಮದೃಷ್ಟಿಯವರಾಗಿದ್ದರು. (ಉಡುಪಿ ಹೋಟೆಲುಗಳನ್ನು ಕಟ್ಟಿದ ನಮ್ಮ ಸೀಮೆಯವರಿಗೆ ಆ ಟಿಪ್ಪಣಿಯ ಮರ್ಮವನ್ನು ವಿವರಿಸಬೇಕಾಗಿಲ್ಲ.) ಬಾಬಿ ಕೂಕಾ ಕಲ್ಪಿಸಿ ಉಮೇಶ ರಾವ್ ಬರೆದ, ಬಾಗಿ ನಮಿಸುವ ಆ ದಪ್ಪಮೀಸೆಯ ಮಹಾರಾಜ ಕಾಣಿಸಿಕೊಂಡದ್ದು 1946ರಲ್ಲಿ, 1962ರ ಹೊತ್ತಿಗೆ ಜೆಟ್ ವಿಮಾನಗಳನ್ನು ಮಾತ್ರವೇ ಹಾರಿಸುವ ಜಗತ್ತಿನ ಮೊದಲ ಸಂಸ್ಥೆಯೆಂಬ ಕೀರ್ತಿಯೂ ಏರ್ ಇಂಡಿಯಾಕ್ಕೆ ಸಂದಿತ್ತು.

ಆದರೆ ಕೋಟದವನಾದ ನನ್ನ ನಿಷ್ಠೆಗೆ ಇತಿಹಾಸಕ್ಕಿಂತ ಭೂಗೋಳವೇ ಹೆಚ್ಚಿನ ಕಾರಣ. 1951ರಲ್ಲಿ ನೆಹರೂ ಬಂದಿಳಿದು ಉದ್ಘಾಟಿಸಿದ, ಮಂಗಳೂರಿನ ಬಳಿಯ ಬಜಪೆಯ ನಿಲ್ದಾಣಕ್ಕಿದ್ದ ರನ್‌ವೇ 1,615 ಮೀಟರಿನದು; ಗುಡ್ಡದ ನೆತ್ತಿಯನ್ನು ಸಮಮಾಡಿ 2,450 ಮೀಟರಿನ ಹೊಸತನ್ನು ತೆರೆದದ್ದು 2006ರ ಮೇ ತಿಂಗಳಲ್ಲಿ. ಅಲ್ಲಿಯ ತನಕ ಮಗನನ್ನು ದುಬಾಯಿಗೆ ಕಳುಹಿಸುವ ಮನೆಯವರು ಉಪ್ಪಿನಕಾಯಿ, ಹಪ್ಪಳಗಳ ಪೆಟ್ಟಿಗೆಯೊಡನೆ ಮುಂಬಯಿಯ ದಾರಿಯನ್ನೇ ಹಿಡಿಯಬೇಕಾಗಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಅಂಗಸಂಸ್ಥೆಯಾದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸು ಬಜಪೆಯಿಂದ ನೇರವಾಗಿ ದುಬಾಯಿಗೆ ಹಾರತೊಡಗಿದಂದಿನಿಂದ, ಮೂಲ್ಕಿಯಲ್ಲಿ ಹೆದ್ದಾರಿ ಬಿಟ್ಟು ಕಿನ್ನಿಗೋಳಿ, ಕಟೀಲುಗಳ ಮೇಲಿಂದ ಸಾಗಿದರೆ ಅರ್ಧ ದಿನದೊಳಗೆ ಮಗ ಮರಳುಗಾಡಿನಲ್ಲಿ ಇಳಿಯುವಂತಾಯಿತು.

ಅದೇ ಸಂಸ್ಥೆಯ, ಅದೇ ದುಬಾಯಿಯ ವಿಮಾನವೇ 2010ರ ಮೇ 22ರಂದು ಆ ರನ್‌ವೇಯ ತುದಿಯನ್ನು ಮೀರಿ ಕಣಿವೆಗೆ ಉರುಳಿ 158 ಮಂದಿ ಅಳಿದರು. ಹಿಂತಿರುಗಿ ಮೇಲೇರುವಂತೆ ಸಹಪೈಲಟ್ಟು ಎಚ್ಚರಿಸಿದರೂ ಮುಖ್ಯ ಪೈಲಟ್ಟು ಇಳಿಯುವ ಯತ್ನವನ್ನು ಕೈಬಿಡಲಿಲ್ಲವೆಂದು ತನಿಖೆಯು ನಿರ್ಣಯಿಸಿತು. ವ್ಯಾಪಾರದ ಎಡವಟ್ಟುಗಳನ್ನು ಸಹಿಸಿಕೊಳ್ಳುವ ನಿಷ್ಠೆಗೆ ಇಂತಹದನ್ನು ಸಹಿಸಿಕೊಳ್ಳುವ ಅಧಿಕಾರವಿಲ್ಲ. ಆ ವಿಷಯದಲ್ಲಿ ನಾನು ಯಾವ ಮಹಾರಾಜನ ಪಕ್ಷದವನೂ ಅಲ್ಲ.

“ಅದ್ರಗೇ ಹೋಪುದ್ ಎಂತಕ್ಕೆ ಮಾರಾಯ್ರೆ?” ಎಂದು ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಸಾಲಿಗ್ರಾಮದ ಹಿರಿಯರೊಬ್ಬರು ಒಮ್ಮೆ ಕೇಳಿದರು. ಅವರು ಸ್ವತಃ ಒಂದೇ ಯಕ್ಷಗಾನ ಮೇಳದ ಹಿಂದೆ ಆಯುಷ್ಯವನ್ನು ಸವೆಸಿದವರು. ಯಜಮಾನರು ಸಲ್ಲದ ಪ್ರಸಂಗವನ್ನು ಆಯ್ದ ವರ್ಷದಲ್ಲಿಯೂ ಭಾಗವತರ ಕಂಠಕ್ಕಾಗಿ ಬೆಳಗಿನ ವರೆಗೆ ಕುಳಿತವರು. ಅದನ್ನೇ ನೆನಪಿಸಿದೆ. ನಕ್ಕು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ.

2022ರ ಜನವರಿ 27ರಂದು ಸಂಸ್ಥೆಯು ಟಾಟಾ ಮನೆತನಕ್ಕೆ ಹಿಂದಿರುಗಿದಾಗ ನನ್ನಂತಹವರು ಹಿಗ್ಗಿದ್ದು ನಿಜ. ಆದರೆ ಹೊಸ ಒಡೆಯರೂ ವಿಸ್ತಾರ ವಿಮಾನಸಂಸ್ಥೆಯನ್ನು ಏರ್ ಇಂಡಿಯಾಕ್ಕೂ, ಹಿಂದಿನ ಏರ್ ಏಷಿಯಾ ಇಂಡಿಯಾವನ್ನು ಎಕ್ಸ್‌ಪ್ರೆಸ್ಸಿಗೂ ಬೆಸೆಯಹೊರಟಾಗ 2007ರ ನೆರಳು ಬೀಳದಿರಲಿಲ್ಲ; 2024ರ ಮೇ ತಿಂಗಳಲ್ಲಿ ಎಕ್ಸ್‌ಪ್ರೆಸ್ಸಿನ ಪರಿಚಾರಕರು ಗುಂಪಾಗಿ ಅಸ್ವಸ್ಥರೆಂದು ರಜೆ ಹಾಕಿ ಹಾರಾಟಗಳು ರದ್ದಾದುದು, ಬೆಸುಗೆಯ ಕಾವು ಮೊದಲು ಯಾರಿಗೆ ತಟ್ಟುವುದೆಂಬುದನ್ನು ತೋರಿಸಿತು. ಎಕ್ಸ್‌ಪ್ರೆಸ್ಸಿನ ವಿಮಾನಗಳ ಬಾಲದ ಮೇಲೆ ಬಾಂಧನಿಯಂತಹ ಬಟ್ಟೆಗಳ ವಿನ್ಯಾಸವನ್ನು ಚಿತ್ರಿಸುವ ಈಗಿನ ಪದ್ಧತಿಯು ಸುಂದರವೇ, ಆದರೂ ನನ್ನ ಕಣ್ಣಿಗೆ ಹಳೆಯ ಚಿತ್ರಗಳೇ ಲೇಸು.

ಮುಂದಿನ ತಿಂಗಳು ದುಬಾಯಿಯಲ್ಲಿ ಬಂಧುಗಳ ಮನೆಯ ಮದುವೆ. ಟಿಕೇಟು ಅದೇ ಸಂಸ್ಥೆಯದು. ಮುಹೂರ್ತಕ್ಕೆ ಎರಡು ದಿನ ಮುಂಚಿತವಾಗಿ ತಲುಪುವ ಹಾಗೆ ತೆಗೆಸಿದ್ದೇನೆ.