ಹಳೆ ಫೋನಿನ ಪಂಚನಾಮೆ

ಕನ್ನಡದಲ್ಲಿ ಪುಸ್ತಕ ವಿಮರ್ಶೆ ಓದುವವರಿಗಿಂತ ಮೊಬೈಲ್ ವಿಮರ್ಶೆ ನೋಡುವವರೇ ಈಗ ಹೆಚ್ಚಿದ್ದಾರು. ಅದು ಪೆಟ್ಟಿಗೆ ಬಿಚ್ಚುವುದರಿಂದ ಶುರುವಾಗುತ್ತದೆ. ಚಾರ್ಜರ್, ಕೇಬಲ್, ಪೌಚು ಒಂದೊಂದಾಗಿ ಮೇಜಿನ ಮೇಲೆ ಬರುತ್ತವೆ. ಆಮೇಲೆ ಪ್ರೊಸೆಸರಿನ ಹೆಸರು, ಬೆಂಚ್‌ಮಾರ್ಕಿನ ಅಂಕ, ಗೇಮ್ ಆಡಿದಾಗ ಎಷ್ಟು ಬಿಸಿಯಾಯಿತೆಂಬ ಲೆಕ್ಕ, ರಾತ್ರಿ ತೆಗೆದ ಎರಡು ಫೋಟೊ, ಕೊನೆಗೆ ಈ ಬೆಲೆಗೆ ಒಳ್ಳೆ ಡೀಲೋ ಅಲ್ಲವೋ ಎಂಬ ತೀರ್ಪು. ಇಷ್ಟೂ ನಡೆಯುವುದು ಫೋನು ಮಾರುಕಟ್ಟೆಗೆ ಬಂದ ಮೊದಲ ವಾರದಲ್ಲಿ, ದೊಡ್ಡ ಊರಿನ ತಣ್ಣನೆಯ ಕೋಣೆಯೊಂದರಲ್ಲಿ. ಅದನ್ನು ನಂಬಿ ಕೊಂಡವನು ಆಂಧ್ರದ ಗಡಿಯೂರು ಕಣೇಕಲ್ಲಿನಲ್ಲಿ ಅದರ ಜೊತೆ ಮೂರು ನಾಲ್ಕು ವರ್ಷ ಏಗಬೇಕು. ಇಲ್ಲಿ ಬೇಸಿಗೆ ನಲವತ್ತು ಡಿಗ್ರಿ ದಾಟುವುದು ಮಾಮೂಲು. ಹಗರಿ ಹೊಳೆಯ ಮರಳು ಗಾಳಿಗೆ ಎದ್ದರೆ ಮನೆಯೊಳಗಿನ ಪಾತ್ರೆಯನ್ನೇ ಬಿಡುವುದಿಲ್ಲ, ಇನ್ನು ಜೇಬಿನಲ್ಲಿರುವ ಫೋನಿನ ಸ್ಪೀಕರಿನ ತೂತನ್ನು ಬಿಟ್ಟೀತೆ?

ಮೊದಲ ವಾರದಲ್ಲಿ ಯಾವ ಫೋನೂ ಕೆಟ್ಟದ್ದಲ್ಲ. ಆದ್ದರಿಂದಲೇ ಈ ವಿಮರ್ಶೆಗಳಲ್ಲಿ ನಿಜವಾಗಿ ಸೋತ ಫೋನು ಅಪರೂಪ. ಹೊಸದನ್ನು ಕೊಳ್ಳಹೊರಟವನ ಕೈಯಲ್ಲಿ ಇದಕ್ಕಿಂತ ಎಷ್ಟೋ ಪ್ರಾಮಾಣಿಕವಾದ ವಿಮರ್ಶೆ ಆಗಲೇ ಇರುತ್ತದೆ. ಅದು ಅವನ ಹಳೆಯ ಫೋನು. ಅದು ಯಾಕೆ ಸತ್ತಿತು ಅಂತ ಪಂಚನಾಮೆ ಮಾಡದೆ ಹೊಸದಕ್ಕೆ ದುಡ್ಡು ಕಟ್ಟುವುದೇ ನಮ್ಮ ಕೊಳ್ಳುವ ಪದ್ಧತಿಯ ದೊಡ್ಡ ದೋಷ ಎಂಬುದು ನನ್ನ ಆಕ್ಷೇಪಣೆ.

ರಾಯದುರ್ಗದಲ್ಲಾಗಲಿ ಬಳ್ಳಾರಿಯಲ್ಲಾಗಲಿ ರಿಪೇರಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಸಾವಿನ ಕಾರಣಗಳು ಗೊತ್ತಾಗುತ್ತವೆ. ಚಾರ್ಜಿಂಗ್ ಪಿನ್ ಲೂಸಾಗಿದೆ. ಡಿಸ್‌ಪ್ಲೇ ಒಡೆದಿದೆ, ಕಾಂಬೊ ಹಾಕಿಸಲು ಕೇಳುವ ದುಡ್ಡು ನೋಡಿದರೆ ಇನ್ನಷ್ಟು ಸೇರಿಸಿ ಹೊಸದನ್ನೇ ತಂದುಬಿಡೋಣ ಅನಿಸುತ್ತದೆ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದೆ. ಮೆಮೊರಿ ತುಂಬಿ ವಾಟ್ಸ್ಆ್ಯಪ್ ತೆರೆಯುತ್ತಿಲ್ಲ. ಅಪ್‌ಡೇಟ್ ನಿಂತು ಬ್ಯಾಂಕಿನ ಆ್ಯಪ್ ಕೈಯೆತ್ತಿದೆ. ಪ್ರೊಸೆಸರ್ ಸಾಲಲಿಲ್ಲ ಅಂತ ಫೋನು ಹಿಡಿದು ಬಂದವರನ್ನು ನಾನಂತೂ ಕಂಡಿಲ್ಲ. ವಿಮರ್ಶಕರು ಅತಿ ಹೆಚ್ಚು ಹೊತ್ತು ಮಾತಾಡುವುದು ಮಾತ್ರ ಅದರ ಬಗ್ಗೆಯೇ.

ನಮ್ಮ ಸೀಮೆಯಲ್ಲಿ ಈ ಪಂಚನಾಮೆಗೆ ಬೇರೆಡೆ ಇಲ್ಲದ ಒಂದು ಅಂಕಣ ಸೇರಿಸಬೇಕು. ಅದು ಸಿಮ್ಮಿನದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಸೇರಿದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ನೆಂಟಸ್ತನ, ಸಂತೆ, ಆಸ್ಪತ್ರೆ ಮಾತ್ರ ಗೆರೆ ನೋಡಿ ನಡೆಯಲಿಲ್ಲ. ಮೊಬೈಲ್ ಬಂದಾಗ ಕಂಪನಿಗಳ ಸರ್ಕಲ್ಲುಗಳೂ ರಾಜ್ಯಗಳ ಗಡಿಯನ್ನೇ ಹಿಡಿದವು. ಗಡಿಯ ಹಳ್ಳಿಯಲ್ಲಿ ಹೊಲದ ಈ ಬದುವಿನಲ್ಲಿ ಆಂಧ್ರದ ಟವರ್, ಆ ಬದುವಿನಲ್ಲಿ ಕರ್ನಾಟಕದ್ದು. ಮನೆಯ ಹಿತ್ತಿಲಿಗೆ ಹೋದರೆ ರೋಮಿಂಗ್ ಬಿದ್ದು ಬಂದ ಕರೆಗೂ ಕಾಸು ಹೋಗುತ್ತಿದ್ದ ಕಾಲ ಅದು. 2015ರ ಜೂನಿನಲ್ಲಿ ಬಿಎಸ್‌ಎನ್‌ಎಲ್ ಒಳಬರುವ ಕರೆಗೆ ರೋಮಿಂಗ್ ಶುಲ್ಕ ತೆಗೆಯಿತು. ಮರುತಿಂಗಳೇ ರಾಜ್ಯ ಬದಲಾದರೂ ನಂಬರ್ ಉಳಿಸಿಕೊಳ್ಳುವ ಸೌಲಭ್ಯ ದೇಶದ ತುಂಬ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದಮೇಲೆ ಉಳಿದ ಕಂಪನಿಗಳೂ ದಾರಿಗೆ ಬಂದವು.

ಹಾಗಿದ್ದರೆ ಈಗ ಒಂದೇ ಸಿಮ್ ಸಾಕಲ್ಲ ಅನ್ನಬಹುದು. ಸಾಲದು. ಬಳ್ಳಾರಿಯ ಬ್ಯಾಂಕಿನ ಖಾತೆಗೆ ಒಂದು ನಂಬರ್ ಅಂಟಿದೆ, ಆಧಾರಿಗೂ ಪಿಎಂ ಕಿಸಾನಿಗೂ ಇನ್ನೊಂದು. ಒಟಿಪಿ ಯಾವ ನಂಬರಿಗೆ ಬರುತ್ತದೋ ಅದನ್ನು ಸಾಯಗೊಡುವ ಹಾಗಿಲ್ಲ. ಆದ್ದರಿಂದ ಕಣೇಕಲ್ಲು, ಬೊಮ್ಮನಹಾಳು, ಡಿ. ಹಿರೇಹಾಳು ಕಡೆಯವರಿಗೆ ಎರಡು ಸಿಮ್ ಶೋಕಿಯಲ್ಲ. ಕೊಳ್ಳುವವನು ಎಡವುವುದು ಇಲ್ಲೇ. ಎಷ್ಟೋ ಫೋನುಗಳಲ್ಲಿ ಸಿಮ್ ತಟ್ಟೆ ಹೈಬ್ರಿಡ್: ಎರಡನೇ ಜಾಗದಲ್ಲಿ ಸಿಮ್ ಇಡಬೇಕು, ಇಲ್ಲವೇ ಮೆಮೊರಿ ಕಾರ್ಡ್ ಇಡಬೇಕು. ಎರಡೂ ಹಿಡಿಸುವುದಿಲ್ಲ. ಜಾಹೀರಾತಿನಲ್ಲಿ ಮಾತ್ರ ಡ್ಯುಯಲ್ ಸಿಮ್ ಅಂತ ಒಂದು ಸಾಲು, ಒಂದು ಟಿಬಿವರೆಗೆ ಮೆಮೊರಿ ಕಾರ್ಡ್ ಅಂತ ಇನ್ನೊಂದು ಸಾಲು. ಎರಡೂ ಸುಳ್ಳಲ್ಲ, ಆದರೆ ಎರಡೂ ಒಟ್ಟಿಗೆ ನಿಜವಲ್ಲ. ಈ ತಟ್ಟೆಯನ್ನು ಹೊರಗೆಳೆದು ತೋರಿಸಿ, ಇದು ಯಾರಿಗೆ ತೊಂದರೆ ಅಂತ ಹೇಳಿದ ವಿಮರ್ಶೆ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಮೆಮೊರಿಯ ಮೋಸ ಇಷ್ಟಕ್ಕೇ ಮುಗಿಯುವುದಿಲ್ಲ. 64 ಜಿಬಿ ಅಂತ ಬರೆದ ಫೋನಿನಲ್ಲಿ ಆಂಡ್ರಾಯ್ಡೂ ಕಂಪನಿ ತುರುಕಿದ ಆ್ಯಪುಗಳೂ ಸೇರಿ ದೊಡ್ಡ ಪಾಲನ್ನೇ ತಿಂದಿರುತ್ತವೆ. ಉಳಿದದ್ದಕ್ಕೆ ಮದುವೆ ವಿಡಿಯೊ, ಶುಭೋದಯದ ಚಿತ್ರ, ಶಾಲೆಯ ಗ್ರೂಪಿನ ಪಿಡಿಎಫ್ ಸೇರಿದರೆ ಎರಡನೇ ವರ್ಷಕ್ಕೆ ಉಸಿರು ಕಟ್ಟುತ್ತದೆ. ರ‍್ಯಾಮಿನದು ಇನ್ನೂ ಚಂದ. 4 ಜಿಬಿ ಇದ್ದಲ್ಲಿ 8 ಜಿಬಿ ಅಂತ ದಪ್ಪಕ್ಷರದಲ್ಲಿ, ಅದರಡಿ ಸಣ್ಣಕ್ಷರದಲ್ಲಿ ನಾಲ್ಕು ಕೂಡಿಸು ನಾಲ್ಕು. ಎರಡನೆಯ ನಾಲ್ಕು ರ‍್ಯಾಮೇ ಅಲ್ಲ. ಸ್ಟೋರೇಜಿನ ಒಂದು ತುಂಡನ್ನು ರ‍್ಯಾಮಿನಂತೆ ಬಳಸುವ ಏರ್ಪಾಟು, ಅದೂ ನಿಜವಾದ ರ‍್ಯಾಮಿಗಿಂತ ಬಹಳ ನಿಧಾನ. ಅಂದರೆ ಮೊದಲೇ ಕೊರತೆ ಇದ್ದ ಜಾಗದಿಂದಲೇ ಕಡ ತಂದು ಇಲ್ಲಿ ಹೆಚ್ಚಳ ತೋರಿಸುವುದು. ನನ್ನ ಮಟ್ಟಿಗೆ, ಕೆಲಸಕ್ಕೆ ಕೊಳ್ಳುವ ಫೋನಿನಲ್ಲಿ 128 ಜಿಬಿಯೂ ನಿಜವಾದ 6 ಜಿಬಿ ರ‍್ಯಾಮೂ ಕನಿಷ್ಠ. ಇದಕ್ಕೆ ದುಡ್ಡು ಸಾಲದಿದ್ದರೆ ಕ್ಯಾಮೆರಾದಲ್ಲಿ ಬಿಟ್ಟುಕೊಡಬಹುದು.

ಕ್ಯಾಮೆರಾ ಅಂದಾಗ ಕೆಲಸದ ಮಾತು ಬರುತ್ತದೆ. ಹಳ್ಳಿಯಲ್ಲಿ ಫೋನು ಮೋಜಿನ ವಸ್ತು ಅಂದುಕೊಂಡವರು ಉದ್ಯೋಗ ಖಾತ್ರಿಯ ಕೆರೆ ಹೂಳೆತ್ತುವ ಕೆಲಸದ ಬಳಿ ಬಂದು ನೋಡಬೇಕಿತ್ತು. 2023ರ ಜನವರಿಯಿಂದ ಅಲ್ಲಿ ಹಾಜರಿ ಪುಸ್ತಕದ ಬದಲು ಆ್ಯಪ್ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಯವರ ಫೋಟೊ, ಅದರ ಜೊತೆ ಸ್ಥಳದ ಗುರುತು. ಕೂಲಿಯವರ ಮೇಲ್ವಿಚಾರಣೆ ನೋಡುವ ಮೇಟ್ ಹಿಡಿದ ಫೋನು ಬಿಸಿಲಿನಲ್ಲಿ ಕಾಣದಿದ್ದರೆ, ಜಿಪಿಎಸ್ ಹಿಡಿಯದಿದ್ದರೆ ಕುತ್ತು ಬರುವುದು ಉಳಿದವರ ಕೂಲಿಗೆ. ಅಂಗನವಾಡಿಯವರದೂ ಇದೇ ಪಾಡು. ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮನೆಗೆ ಕೊಡುವ ಆಹಾರಕ್ಕೂ ಮುಖ ಗುರುತಿಸಬೇಕೆಂಬ ನಿಯಮ 2025ರ ಜುಲೈನಿಂದ ಬಂತು. ಇಂಥ ಕೆಲಸಕ್ಕೆ 50 ಮೆಗಾಪಿಕ್ಸೆಲ್ ಬೇಕಿಲ್ಲ. ಅಗ್ಗದ ಫೋನಿನ 50 ಮೆಗಾಪಿಕ್ಸೆಲ್ ಹೇಗೂ ನಾಲ್ಕು ಬಿಂದುಗಳನ್ನು ಒಂದು ಮಾಡಿ ಹನ್ನೆರಡರಷ್ಟರ ಫೋಟೊವನ್ನೇ ಕೊಡುತ್ತದೆ, ಪಕ್ಕದ ಎರಡು ಮೆಗಾಪಿಕ್ಸೆಲಿನ ಕಣ್ಣು ಅಲಂಕಾರಕ್ಕೆ. ಬೇಕಾದದ್ದು ಬಿಸಿಲಿನಲ್ಲಿ ಓದಿಸುವ ಪರದೆ. ಕಡಿಮೆ ಬೆಲೆಯ ಎಷ್ಟೋ ಫೋನುಗಳ ಪರದೆಯ ಬೆಳಕು 500 ನಿಟ್ಸಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಸಾವಿರದ ಹತ್ತಿರ ಇದ್ದರೆ ಹೊಲದಲ್ಲಿ ಕೈ ಅಡ್ಡ ಹಿಡಿಯುವ ಕಷ್ಟ ತಪ್ಪೀತು. ಇದನ್ನು ಅಂಗಡಿಯೊಳಗೆ ಪರೀಕ್ಷಿಸಿ ಉಪಯೋಗವಿಲ್ಲ. ಅಂಗಡಿಯವರನ್ನು ಕೇಳಿ ಫೋನನ್ನು ಹೊರಗೆ, ಮಧ್ಯಾಹ್ನದ ಬಿಸಿಲಿಗೆ ತಂದು ನೋಡಬೇಕು. ಸಂಕೋಚಪಡುವಂಥದ್ದೇನಿಲ್ಲ, ಸೀರೆಯ ಬಣ್ಣವನ್ನು ಹೊರಗೆ ತಂದು ನೋಡುವುದಿಲ್ಲವೆ?

ಸಿಗ್ನಲ್ಲಿನ ವಿಷಯದಲ್ಲಿ ಈಗ 5ಜಿ ಎಂಬ ಎರಡಕ್ಷರ ಎಲ್ಲರ ಕಣ್ಣು ಕುಕ್ಕಿದೆ. 2022ರ ಅಕ್ಟೋಬರಿನಲ್ಲಿ ಅದು ಭಾರತಕ್ಕೆ ಬಂತು. ಆದರೆ 5ಜಿ ಅಂತ ಬರೆದ ಫೋನೆಲ್ಲ ಎಲ್ಲ ಕಂಪನಿಯ 5ಜಿಯನ್ನೂ ಹಿಡಿಯುವುದಿಲ್ಲ. 2024ರ ಕೊನೆಗೆ ಬಂದ ರೆಡ್ಮಿ ಎ4 ಇದಕ್ಕೆ ಸಾಕ್ಷಿ: ಅದು ಜಿಯೊ ಬಳಸುವ ಬಗೆಯ 5ಜಿಗೆ ಮಾತ್ರ ಹೊಂದಿತು, ಏರ್‌ಟೆಲ್ ಆಗ ನಡೆಸುತ್ತಿದ್ದ ಬಗೆಗೆ ಹೊಂದಲಿಲ್ಲ. ಹಳ್ಳಿಗೆ ಇದಕ್ಕಿಂತ ಮುಖ್ಯವಾದದ್ದು 700 ಮೆಗಾಹರ್ಟ್ಸಿನ ಬ್ಯಾಂಡ್. ಕಡಿಮೆ ಆವರ್ತನದ ಅಲೆ ದೂರ ಹೋಗುತ್ತದೆ, ಗೋಡೆಯೊಳಕ್ಕೂ ನುಗ್ಗುತ್ತದೆ. ಬಿಎಸ್‌ಎನ್‌ಎಲ್ ತನ್ನ 4ಜಿಗೆ ಬಳಸುವ ಬ್ಯಾಂಡುಗಳಲ್ಲಿ ಅದೂ ಒಂದು. ಫೋನಿನ ವಿವರದಲ್ಲಿ ಈ ಬ್ಯಾಂಡಿನ ಗುರುತಾದ ಬಿ28 ಇದೆಯೋ ಇಲ್ಲವೋ ನೋಡುವುದು ಎರಡು ನಿಮಿಷದ ಕೆಲಸ.

ಇನ್ನು ಭಾಷೆ. ಕನ್ನಡ ವಿಮರ್ಶಕರ ಮೇಲೆ ನನ್ನ ದೊಡ್ಡ ದೂರು ಇದೇ. ಹತ್ತು ನಿಮಿಷ ಸೊಗಸಾದ ಕನ್ನಡದಲ್ಲಿ ಮಾತಾಡುತ್ತಾರೆ, ಆ ಫೋನಿನಲ್ಲಿ ಒಂದು ಸಾಲು ಕನ್ನಡ ಟೈಪ್ ಮಾಡಿ ತೋರಿಸುವುದಿಲ್ಲ. ಕನ್ನಡದ ಬದಲು ಚೌಕಗಳನ್ನು ತೋರಿಸುತ್ತಿದ್ದ ಆಂಡ್ರಾಯ್ಡ್ ಫೋನುಗಳನ್ನು ನೋಡಿದ ತಲೆಮಾರು ನಮ್ಮದು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗಲೇ ಕನ್ನಡ, ತೆಲುಗು, ಮಲಯಾಳಂಗಳಿಗೆ ಅದರಲ್ಲಿ ಮೊದಲ ಬೆಂಬಲ ಸಿಕ್ಕಿದ್ದು. ಮೆನು ಕನ್ನಡದಲ್ಲಿ ಬರಲು 2014ರ ಆಂಡ್ರಾಯ್ಡ್ 5 ಬೇಕಾಯಿತು. 2017ರಲ್ಲಿ ಗೂಗಲಿಗೆ ಕನ್ನಡ ಕಿವಿ ಬಂತು, ಮಾತಾಡಿದರೆ ಅಕ್ಷರ ಮೂಡತೊಡಗಿತು. ಇಷ್ಟು ದೂರ ಬಂದಮೇಲೂ ಯಾವ ಫೋನಿನಲ್ಲಿ ಒತ್ತಕ್ಷರ ಸ್ಪಷ್ಟವಾಗಿ ಕಾಣುತ್ತದೆ, ಅಕ್ಷರ ದೊಡ್ಡದು ಮಾಡಿದರೆ ಯಾವುದರಲ್ಲಿ ಸಾಲು ಕತ್ತರಿಸಿ ಹೋಗುತ್ತದೆ ಅಂತ ಹೇಳುವವರಿಲ್ಲ. ಕಣೇಕಲ್ಲಿನಲ್ಲಿ ಕಷ್ಟ ಇಮ್ಮಡಿ. ಮನೆಯ ಗ್ರೂಪಿನಲ್ಲಿ ಕನ್ನಡ, ಊರಿನ ಸರಕಾರಿ ಕಚೇರಿಯಿಂದ ಬರುವ ಸುದ್ದಿ ತೆಲುಗು, ಬ್ಯಾಂಕಿನ ಮೆಸೇಜು ಇಂಗ್ಲಿಷ್. ಬಾಯಿಮಾತಿನಲ್ಲಿ ಎರಡು ಭಾಷೆ ಒಂದೇ ವಾಕ್ಯದಲ್ಲಿ ಕೂಡಿ ಬರುತ್ತವೆ. ಆಗ ಮಾತನ್ನು ಅಕ್ಷರ ಮಾಡುವ ಯಂತ್ರ ತಬ್ಬಿಬ್ಬು. ಅದಕ್ಕೇ ಜನ ಟೈಪು ಬಿಟ್ಟು ವಾಯ್ಸ್ ಮೆಸೇಜಿಗೆ ಒಗ್ಗಿಕೊಂಡಿದ್ದಾರೆ. ಹಾಗಾಗಿ ನಮ್ಮವರಿಗೆ ಒಳ್ಳೆಯ ಮೈಕು, ಗಟ್ಟಿ ಸ್ಪೀಕರು ಕೀಬೋರ್ಡಿನಷ್ಟೇ ಮುಖ್ಯ. ಇದನ್ನು ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು: ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋಗುವಾಗ ಒಂದು ವಾಯ್ಸ್ ಮೆಸೇಜ್ ಮಾಡಿ ಕೇಳಿಸಿಕೊಂಡರಾಯಿತು.

ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಈಚೆಗೆ ವಿಮರ್ಶಕರೂ ಕೇಳುತ್ತಿದ್ದಾರೆ, ಅದು ಮೆಚ್ಚಬೇಕಾದ್ದು. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಏಳು ವರ್ಷದ ಮಾತು ಕೊಟ್ಟವು. ಯುರೋಪಿನ ಒಕ್ಕೂಟವಂತೂ 2025ರ ಜೂನಿನಿಂದ, ಮಾರಾಟ ನಿಲ್ಲಿಸಿದ ಮೇಲೂ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಕೊಡಬೇಕೆಂದು ಕಾನೂನನ್ನೇ ಮಾಡಿತು. ನಮ್ಮಲ್ಲಿ ಅಂಥ ಕಟ್ಟಳೆ ಇಲ್ಲ, ಅಗ್ಗದ ಫೋನಿಗೆ ಎರಡು ವರ್ಷವಾದರೂ ಉಂಟು, ನಾಲ್ಕಾದರೂ ಉಂಟು. ಒಂಬತ್ತು ಸಾವಿರದ ಫೋನು ಎರಡು ವರ್ಷ ಬಾಳಿದರೆ ವರ್ಷಕ್ಕೆ ನಾಲ್ಕೂವರೆ ಸಾವಿರ, ಹದಿನಾರು ಸಾವಿರದ್ದು ನಾಲ್ಕು ವರ್ಷ ಬಾಳಿದರೆ ನಾಲ್ಕು ಸಾವಿರ. ಈ ಲೆಕ್ಕ ಸರಿಯೇ. ಆದರೆ ಕೈಜಾರಿ ಬಿದ್ದರೆ ಲೆಕ್ಕ ತಲೆಕೆಳಗು. ದುಬಾರಿ ಫೋನಿನ ಪರದೆಗೆ ಬಳ್ಳಾರಿಯಲ್ಲೋ ಅನಂತಪುರದಲ್ಲೋ ಆರ್ಡರ್ ಕೊಟ್ಟು ದಿನಗಟ್ಟಲೆ ಕಾಯಬೇಕು, ಅಷ್ಟು ದಿನ ಕೂಲಿಯವರ ಹಾಜರಿ ಯಾರು ಹಾಕಬೇಕು? ಇಲ್ಲಿ ನಾನು ಯೂಟ್ಯೂಬಿನವರ ವಿರುದ್ಧ ಪಕ್ಷ. ಎಲ್ಲರ ಕೈಯಲ್ಲೂ ಇರುವ ಸಾಮಾನ್ಯ ಮಾಡೆಲ್ ಅಂತ ಅವರು ಮೂಗು ಮುರಿಯುವುದನ್ನೇ ನಾನು ಕೊಳ್ಳು ಅನ್ನುತ್ತೇನೆ. ಊರಲ್ಲಿ ನೂರು ಜನರ ಬಳಿ ಇರುವ ಮಾಡೆಲಿಗೆ ರಾಯದುರ್ಗದ ಅಂಗಡಿಯಲ್ಲೇ ಟೆಂಪರ್ ಗ್ಲಾಸ್, ಬ್ಯಾಟರಿ, ಕಾಂಬೊ ಸಿಗುತ್ತವೆ, ಪಿನ್ ಬದಲಿಸಲು ಅವರ ಕೈ ಪಳಗಿರುತ್ತದೆ.

ಅದೇ ಕಾರಣಕ್ಕೆ ಆನ್‌ಲೈನಿನ ಹಬ್ಬದ ಸೇಲ್ ಬಗ್ಗೆಯೂ ನನಗೆ ಅಂಥ ಭಕ್ತಿಯಿಲ್ಲ. ಸಾವಿರ ರೂಪಾಯಿ ಉಳಿದರೂ ಹಳೆ ಫೋನಿನ ನಂಬರು, ಫೋಟೊ, ವಾಟ್ಸ್ಆ್ಯಪ್ ಹೊಸದಕ್ಕೆ ಸಾಗಿಸಿ ಫೋನ್‌ಪೇ ಮತ್ತೆ ನೋಂದಾಯಿಸಿ ಕೊಡುವವರು ಪೆಟ್ಟಿಗೆಯೊಳಗೆ ಬರುವುದಿಲ್ಲ. ಊರಿನ ಅಂಗಡಿಯವರು ಅದನ್ನು ಮಾಡಿಕೊಡುತ್ತಾರೆ, ಆಮೇಲೂ ಹೋಗಿ ಕೇಳಬಹುದು. ಕಂತಿನಲ್ಲಿ ಕೊಳ್ಳುವವರು ಮಾತ್ರ ಒಂದು ಮಾತು ಮೊದಲೇ ವಿಚಾರಿಸಬೇಕು: ಫೈನಾನ್ಸಿನವರು ಬೀಗದ ಆ್ಯಪ್ ಹಾಕುತ್ತಾರೆಯೆ? ಹಾಕಿದ್ದರೆ ಕಂತು ತಪ್ಪಿದ ದಿನ ಪರದೆಗೆ ಬೀಗ ಬಿತ್ತು, ಕೆಲಸದ ಫೋನು ಕಲ್ಲಾಯಿತು.

ಎಲ್ಲರಿಗೂ ಸ್ಮಾರ್ಟ್‌ಫೋನೇ ಯಾಕೆ ಎಂಬ ಪ್ರಶ್ನೆಯನ್ನೂ ಈ ವಿಮರ್ಶೆಗಳು ಕೇಳುವುದಿಲ್ಲ. 2003ರ ನೋಕಿಯಾ 1100ರಲ್ಲಿ ಟಾರ್ಚ್ ಇತ್ತು, ಅದೊಂದಕ್ಕೇ ಕೊಂಡವರಿದ್ದರು. ರಾತ್ರಿ ನೀರು ಕಟ್ಟಲು ಹೋಗುವವರಿಗೆ ಇವತ್ತಿಗೂ ಕೀಪ್ಯಾಡ್ ಫೋನೇ ಹಿತ: ಕೆಸರಿಗೆ ಬಿದ್ದರೂ ಎದೆ ಒಡೆಯುವುದಿಲ್ಲ, ಚಾರ್ಜು ದಿನಗಟ್ಟಲೆ ನಿಲ್ಲುತ್ತದೆ. 2022ರ ಮಾರ್ಚಿನಲ್ಲಿ ಬಂದ ಯುಪಿಐ 123ಪೇಯಿಂದ ಅದರಲ್ಲೂ ದುಡ್ಡು ಕಳಿಸಬಹುದು. ಜಿಯೊ ಸಿಮ್ ಇದ್ದರೆ 4ಜಿ ಕೀಪ್ಯಾಡೇ ಬೇಕು, ಹಳೆಯ 2ಜಿ ಡಬ್ಬಿಯಲ್ಲಿ ಅದು ನಡೆಯದು.

ಸೆಕೆಂಡ್ ಹ್ಯಾಂಡ್ ತರುವವರು ದುಡ್ಡು ಎಣಿಸುವ ಮೊದಲು ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಐಎಂಇಐ ನೋಡಲಿ. ಕೆವೈಎಂ ಅಂತ ಬರೆದು ಜಾಗ ಬಿಟ್ಟು ಆ ಹದಿನೈದು ಅಂಕಿ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಆ ನಂಬರ್ ಬ್ಲಾಕ್ ಆಗಿದೆಯೋ, ಸಾಚಾವೋ ತಿಳಿಯುತ್ತದೆ. ಕಳವಿನದ್ದನ್ನು ಕೊಂಡು ಸ್ಟೇಷನ್ ಮೆಟ್ಟಿಲು ಹತ್ತುವುದು ಬೇಡ. ಹೊಸದು ಬಂದಮೇಲೆ ಹಳೆಯದನ್ನು ಅವ್ವನ ಕೈಗಿಡುವುದು ನಮ್ಮ ಮನೆಗಳ ರೂಢಿ. ಕೊಡಲಿ. ಅಪ್‌ಡೇಟ್ ನಿಂತ ಆ ಫೋನಿನಲ್ಲಿ ಹಾಡು ಕೇಳಲಿ, ಮೊಮ್ಮಗಳ ಮುಖ ನೋಡಲಿ. ಪಿಂಚಣಿ ಬೀಳುವ ಖಾತೆಯ ಯುಪಿಐ ಮಾತ್ರ ಅದರಲ್ಲಿ ಇಡಬಾರದು.