ಕಣ್ಣೀರಿಲ್ಲದ ಕಥನ: ರಿಚರ್ಡ್ ಥಾಂಪ್ಸನ್ ಮತ್ತು ಇಂಗ್ಲಿಷ್ ಫೋಕ್-ರಾಕ್

ಹಳೆಯ ಹಾಡಿಗೆ ಡ್ರಮ್ಸು, ಎಲೆಕ್ಟ್ರಿಕ್ ಗಿಟಾರು ಸೇರಿಸಿದರೆ ಫೋಕ್-ರಾಕ್ ಆಯಿತು ಎಂದುಕೊಳ್ಳುವುದು ರೂಢಿ. 1969ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೂಪುಗೊಂಡ ಪಂಥವನ್ನು ಅದರ ಭಕ್ತರೂ ಟೀಕಾಕಾರರೂ ಅಳೆದದ್ದು ಹೆಚ್ಚುಕಡಿಮೆ ಈ ಸದ್ದಿನ ಲೆಕ್ಕದಲ್ಲೇ. ಸದ್ದು ಬೇಗ ಹಳತಾಗುತ್ತದೆ. ಹಳೆಯ ಕಥನಗೀತೆಗಳಿಂದ ಆ ಪಂಥದ ಹುಡುಗರಿಗೆ ದಕ್ಕಿದ ದೊಡ್ಡ ಸೊತ್ತೆಂದರೆ ಘೋರವಾದದ್ದನ್ನು ಗಂಟಲು ಗದ್ಗದವಾಗದಂತೆ ಹೇಳಿ ಮುಗಿಸುವ ಎದೆಗಾರಿಕೆ. ಅದನ್ನು ಕೊನೆತನಕ ಉಳಿಸಿಕೊಂಡವನು ಪಂಥ ಬಿಟ್ಟು ಬೇಗನೆ ಹೊರಟುಹೋದ ರಿಚರ್ಡ್ ಥಾಂಪ್ಸನ್.

ಲಂಡನ್ನಿನ ಪೊಲೀಸ್ ಪತ್ತೇದಾರನ ಮಗ, ಹುಟ್ಟಿದ್ದು 1949ರಲ್ಲಿ. ತಂದೆ ಸ್ಕಾಟ್ಲೆಂಡಿನವನಾದ್ದರಿಂದ ಮನೆಯಲ್ಲಿ ಜಾಝ್ ಜೊತೆಗೆ ಸ್ಕಾಟಿಷ್ ಸಂಗೀತವೂ ಕಿವಿಗೆ ಬಿದ್ದಿತ್ತು. ಅವನ ಗಿಟಾರಿನಲ್ಲಿ ಬ್ಯಾಗ್‌ಪೈಪಿನ ಶ್ರುತಿ ಎಡೆಬಿಡದೆ ಮೊರೆಯುವುದು, ಅಮೆರಿಕದ ಬ್ಲೂಸ್ ಛಾಯೆ ಅಷ್ಟಾಗಿ ಕಾಣದಿರುವುದು ಇದರಿಂದಲೇ ಇರಬೇಕು. 1967ರಲ್ಲಿ ಗೆಳೆಯರೊಡನೆ ಕಟ್ಟಿದ ಫೇರ್‌ಪೋರ್ಟ್ ಕನ್ವೆನ್ಷನ್ ಮೊದಮೊದಲು ನುಡಿಸುತ್ತಿದ್ದದ್ದು ಮಾತ್ರ ಅಮೆರಿಕದ ಹಾಡುಗಳನ್ನೇ.

1969ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಯಕ್ರಮ ಮುಗಿಸಿ ಬರುತ್ತಿದ್ದಾಗ ಎಂ1 ಹೆದ್ದಾರಿಯಲ್ಲಿ ಅವರ ವ್ಯಾನು ಉರುಳಿತು. ಹತ್ತೊಂಬತ್ತರ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ಸತ್ತ. ಥಾಂಪ್ಸನ್‌ನ ಗೆಳತಿಯೂ ಸತ್ತಳು. ಬದುಕುಳಿದವರು ತಾವು ಅಲ್ಲಿಯವರೆಗೆ ನುಡಿಸುತ್ತಿದ್ದ ಹಾಡುಗಳ ಕಡೆ ಹೊರಳದೆ ಹ್ಯಾಂಪ್‌ಶೈರಿನ ಒಂದು ಮನೆ ಸೇರಿ ಹೊಸದಾಗಿ ಅಭ್ಯಾಸ ಶುರುಮಾಡಿದರು. ಬಾಸ್ ನುಡಿಸುತ್ತಿದ್ದ ಆಶ್ಲಿ ಹಚಿಂಗ್ಸ್ ಜನಪದ ಗೀತೆಗಳ ಭಂಡಾರವಾದ ಸೆಸಿಲ್ ಶಾರ್ಪ್ ಹೌಸ್‌ಗೆ ಎಡತಾಕಿದ. ಅದೇ ಡಿಸೆಂಬರಿನಲ್ಲಿ ಬಂದದ್ದು 'ಲೀಜ್ ಅಂಡ್ ಲೀಫ್' ಆಲ್ಬಂ.

ಅದರಲ್ಲಿರುವ 'ಮ್ಯಾಟಿ ಗ್ರೋವ್ಸ್' ಕೇಳಿ. ಪ್ರಭುವಿನ ಹೆಂಡತಿ ಹುಡುಗನೊಬ್ಬನನ್ನು ಹಾಸಿಗೆಗೆ ಕರೆಯುತ್ತಾಳೆ, ಗಂಡ ಬಂದು ಇಬ್ಬರನ್ನೂ ಕೊಲ್ಲುತ್ತಾನೆ. ಗುಂಪಿನ ಗಾಯಕಿ ಸ್ಯಾಂಡಿ ಡೆನ್ನಿ ಇದನ್ನು ಯಾರ ಪರವನ್ನೂ ವಹಿಸದೆ, ಕಂಡದ್ದನ್ನು ಕಂಡಂತೆ ಹಾಡುತ್ತಾಳೆ. ಹಾಡು ಮುಗಿದ ಮೇಲೆ ಗುಂಪಿನ ಪಿಟೀಲುಗಾರ ಸ್ವಾರ್ಬ್ರಿಕ್‌ನ ಪಿಟೀಲೂ ಥಾಂಪ್ಸನ್‌ನ ಗಿಟಾರೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಪದಗಳು ನುಂಗಿಕೊಂಡ ರೋಷವೆಲ್ಲ ಹೊರಬರುವುದು ಅಲ್ಲಿ. ನನ್ನ ಮಟ್ಟಿಗೆ ಇಡೀ ಪಂಥದ ಸಾಧನೆ ಈ ಕೆಲವು ನಿಮಿಷಗಳಲ್ಲಿದೆ. ಕೂಡಲೇ ಗುಂಪು ಒಡೆಯಿತು. ಹಚಿಂಗ್ಸ್ ಇನ್ನಷ್ಟು ಅಪ್ಪಟ ಜನಪದ ಬೇಕೆಂದು ಸ್ಟೀಲೈ ಸ್ಪ್ಯಾನ್ ಕಟ್ಟಿದ. ತನ್ನದೇ ಹಾಡು ಬರೆಯುವ ಡೆನ್ನಿಯೂ ಹೊರಬಿದ್ದಳು. ಉಳಿದ ಫೇರ್‌ಪೋರ್ಟ್ ಕ್ರಮೇಣ ಕ್ರೋಪ್ರೆಡಿ ಎಂಬ ಹಳ್ಳಿಯ ವಾರ್ಷಿಕ ಜಾತ್ರೆಯಾಯಿತು. ಬಿಯರ್ ಹೀರುತ್ತಾ ಸಾವಿರಾರು ಜನ ಕೊನೆಗೆ ಒಕ್ಕೊರಲಿನಿಂದ ಹಾಡುವುದು ಥಾಂಪ್ಸನ್ ಹತ್ತೊಂಬತ್ತರ ಆಸುಪಾಸಿನಲ್ಲಿ ಬರೆದ 'ಮೀಟ್ ಆನ್ ದ ಲೆಡ್ಜ್' ಅನ್ನು. ಪ್ರೀತಿಯ ಜಾತ್ರೆ ನಿಜ, ಆದರೆ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ.

ಥಾಂಪ್ಸನ್ ಹಿಡಿದ ದಾರಿ ಬೇರೆ. ಹಳೆಯ ಹಾಡನ್ನು ಎತ್ತಿಕೊಳ್ಳುವ ಬದಲು ಹೊಸದನ್ನು ಹಳೆಯದರ ಮನೋಧರ್ಮದಲ್ಲಿ ಬರೆದ. ಮೊದಲ ಯತ್ನ 'ಹೆನ್ರಿ ದ ಹ್ಯೂಮನ್ ಫ್ಲೈ' (1972). ಮುಖಪುಟದಲ್ಲಿ ಸ್ವತಃ ನೊಣದ ವೇಷ ಹಾಕಿದ್ದಾನೆ; ಕೊಂಡವರು ತೀರಾ ಕಡಿಮೆ. ಹೆಂಡತಿ ಲಿಂಡಾ ಜೊತೆ ಮಾಡಿದ 'ಐ ವಾಂಟ್ ಟು ಸೀ ದ ಬ್ರೈಟ್ ಲೈಟ್ಸ್ ಟುನೈಟ್' (1974) ಗಟ್ಟಿಯಾಗಿ ನಿಂತಿತು. ಅಲ್ಲಿನ ಕುಡುಕರು, ಅಲೆಮಾರಿಗಳು ನಾಲ್ಕು ಶತಮಾನದ ಹಿಂದಿನವರೂ ಆಗಬಹುದು, ನಿನ್ನೆಯ ಲಂಡನ್ನಿನವರೂ ಆಗಬಹುದು. ಅಷ್ಟರಲ್ಲಿ ಗಂಡ ಹೆಂಡತಿ ಸೂಫಿಗಳಾದರು. ಪೇಟ ಸುತ್ತಿ ಆಲ್ಬಂ ಮುಖಪುಟಕ್ಕೆ ನಿಂತ ಥಾಂಪ್ಸನ್ ಆಮೇಲೆ ಕೆಲಕಾಲ ಸಂಗೀತವನ್ನೇ ಬದಿಗಿಟ್ಟ.

'ಶೂಟ್ ಔಟ್ ದ ಲೈಟ್ಸ್' (1982) ಬರುವ ಹೊತ್ತಿಗೆ ದಾಂಪತ್ಯ ಮುರಿದಿತ್ತು. ಆದರೂ ಇಬ್ಬರೂ ಅಮೆರಿಕದುದ್ದಕ್ಕೂ ಒಂದೇ ವೇದಿಕೆಯಲ್ಲಿ ಹಾಡಿದರು. ಆ ಆಲ್ಬಮನ್ನು ವಿಚ್ಛೇದನದ ದಿನಚರಿಯೆಂದು ಓದುವ ಚಟ ವಿಮರ್ಶಕರಿಗೆ ಇಂದಿಗೂ ಬಿಟ್ಟಿಲ್ಲ. ಹಾಡುಗಳು ಬಹುಮಟ್ಟಿಗೆ ಬಿರುಕಿಗೆ ಮುಂಚಿನವು ಎಂಬುದನ್ನು ಮರೆತು ಆಡುವ ಮಾತು ಅದು. ಸ್ವಂತ ಗೋಳನ್ನು ತೋಡಿಕೊಳ್ಳುವ ಜಾಯಮಾನ ಥಾಂಪ್ಸನ್‌ದಲ್ಲ. ಎಲ್ಲವನ್ನೂ ಪಾತ್ರಗಳ ಬಾಯಿಗೆ ಕೊಡುತ್ತಾನೆ.

1991ರ '1952 ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್' ಈ ವಿದ್ಯೆಯ ಶಿಖರ. ಕಳ್ಳ ಜೇಮ್ಸ್, ಕೆಂಗೂದಲ ಹುಡುಗಿ ಮಾಲಿ, ಒಂದು ಬೈಕು. ಅವನು ಸಾಯುವಾಗ ಬೈಕಿನ ಕೀಲಿ ಅವಳಿಗೆ. ಹಳೆಯ ಕಥನಗೀತೆಯ ಕುದುರೆಗೆ ಇಲ್ಲಿ ಪೆಟ್ರೋಲು ಬಂದಿದೆ, ಅಷ್ಟೇ. ಇರುವುದು ಒಂದೇ ಗಿಟಾರು, ಅದೂ ಅಕೌಸ್ಟಿಕ್. ಫೋಕ್-ರಾಕಿಗೆ ರಾಕಿನ ಸದ್ದೇ ಬೇಕಿರಲಿಲ್ಲ.

ಆಕ್ಷೇಪವೂ ಇದೆ. ನಡುವಯಸ್ಸಿನ ನಂತರದ ಅವನ ಹಾಡುಗಳಲ್ಲಿ ಈ ನಿರ್ಲಿಪ್ತತೆ ಎಷ್ಟೋ ಸಲ ಬರೀ ಕುಹಕವಾಗುತ್ತದೆ, ಹೆಣ್ಣುಗಳ ವಿಷಯದಲ್ಲಂತೂ. ಮುಂಚೆ ಹಾಗಾಗದಂತೆ ತಡೆದದ್ದು ಲಿಂಡಾಳ ಕಂಠ. 'ವಿದರ್ಡ್ ಅಂಡ್ ಡೈಡ್' ಅನ್ನು ಅವಳು ಎಷ್ಟು ಸಪಾಟಾಗಿ ಹಾಡುತ್ತಾಳೆಂದರೆ ಮರುಕ ಕೇಳುಗನ ಪಾಲಿಗೇ ಉಳಿಯುತ್ತದೆ. ಗಂಟಲಿನ ಕಾಯಿಲೆ ಆ ದನಿಯನ್ನು ಕ್ರಮೇಣ ಕಸಿದುಕೊಂಡಿತು. 2024ರ 'ಪ್ರಾಕ್ಸಿ ಮ್ಯೂಸಿಕ್'ನಲ್ಲಿ ಹಾಡು ಬರೆದವಳು ಲಿಂಡಾ, ಹಾಡಿದವರು ಅವಳ ಮಕ್ಕಳೂ ಗೆಳೆಯರೂ. ಪಂಥದ ಚರಿತ್ರೆ ಬರೆಯುವವರು ಥಾಂಪ್ಸನ್‌ನ ಗಿಟಾರಿಗೆ ಪುಟಗಟ್ಟಲೆ ಮೀಸಲಿಟ್ಟು ಇವಳನ್ನು ಒಂದು ಪ್ಯಾರಾದಲ್ಲಿ ಮುಗಿಸುತ್ತಾರೆ.