ಸಹಿಯಿಲ್ಲದ ಪ್ಯಾಕೇಜಿಗೆ ಸುಡೋ ಬೇಡ

ಲಿನಕ್ಸಿನಲ್ಲಿ ಕನ್ನಡ ಬರೆಯಲು ಹೊರಗಿನಿಂದ ಏನನ್ನೂ ತರಬೇಕಿಲ್ಲ. ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ಐಬಸ್ ಎಂ17ಎನ್ ಜೊತೆಗೇ ಬರುತ್ತದೆ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್, ಉಬುಂಟು ಭಂಡಾರಗಳಲ್ಲೇ ಇವೆ. ಆದರೆ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ, ಯಾರೋ ಇಳಿಸಿಕೊಂಡ ಡೆಬ್ ಫೈಲು ಪೆನ್‌ಡ್ರೈವ್ ಹತ್ತಿ ಮನೆಗೆ ಬರುತ್ತದೆ. ಅಲ್ಲೇ ಎಚ್ಚರ ಬೇಕು.

ಫೆಡೋರಾದಲ್ಲಿ ಪ್ರತಿ ಆರ್‌ಪಿಎಂ ಪ್ಯಾಕೇಜಿನ ಮೇಲೂ ಡಿಜಿಟಲ್ ಸಹಿ ಇರುತ್ತದೆ. ಡೆಬಿಯನ್ ಬಳಗದ ಪದ್ಧತಿ ಬೇರೆ. ಡೆಬ್ ಫೈಲಿಗೆ ಸಾಮಾನ್ಯವಾಗಿ ಸಹಿ ಇರುವುದಿಲ್ಲ. ಸಹಿ ಇರುವುದು ಭಂಡಾರದ ರಿಲೀಸ್ ಫೈಲಿಗೆ. ಅದರಲ್ಲಿ ಪ್ಯಾಕೇಜ್ ಪಟ್ಟಿಯ ಹ್ಯಾಶ್, ಪಟ್ಟಿಯಲ್ಲಿ ಒಂದೊಂದು ಡೆಬ್‌ನ ಹ್ಯಾಶ್. 2007ರ ಡೆಬಿಯನ್ 4.0ರಿಂದ ಪ್ಯಾಕೇಜು ತರುವ ಆಪ್ಟ್ ಈ ಸರಪಳಿಯನ್ನು ತಾನೇ ಪರೀಕ್ಷಿಸುತ್ತಿದೆ. ತೊಗರಿ ಬಿತ್ತುವವರಿಗೆ ಇದು ಗೊತ್ತಿರುವ ಲೆಕ್ಕವೇ: ಪ್ರಮಾಣಿತ ಬೀಜದ ನೀಲಿ ಚೀಟಿಯ ಹಿಂದೆ ಫೌಂಡೇಶನ್ ಬೀಜದ ಬಿಳಿ ಚೀಟಿ, ಅದರ ಹಿಂದೆ ಬ್ರೀಡರ್ ಬೀಜದ ಹಳದಿ ಚೀಟಿ.

ಪೆನ್‌ಡ್ರೈವಿನ ಡೆಬ್ ಈ ಸರಪಳಿಯ ಹೊರಗಿನದು. ಅದನ್ನು ಅಳವಡಿಸುವ ಡಿಪಿಕೆಜಿ ಮೂಲ ಕೇಳುವುದಿಲ್ಲ. ಸುಡೋ ಕೊಟ್ಟರೆ ಒಳಗಿನ ಸ್ಕ್ರಿಪ್ಟುಗಳು ರೂಟ್ ಅಧಿಕಾರದಲ್ಲೇ ಓಡುತ್ತವೆ. ಹಾಗಾಗಿ ನೆಟ್ ಇಲ್ಲದ ಯಂತ್ರಕ್ಕೆ ನಾನು ಹೇಳುವುದು ಆಪ್ಟ್-ಆಫ್‌ಲೈನ್. ರಿತೇಶ್ ರಾಜ್ ಸರ್ರಾಫ್ ಬರೆದ ಈ ಸಲಕರಣೆ, ಬೇಕಾದ ಪ್ಯಾಕೇಜುಗಳ ಪಟ್ಟಿಯನ್ನು ಒಂದು ಫೈಲಿಗೆ ಬರೆದುಕೊಡುತ್ತದೆ. ನೆಟ್ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ಅವನ್ನು ಇಳಿಸಿ ತಂದರಾಯಿತು. ಅದೇ ಪೆನ್‌ಡ್ರೈವ್, ಆದರೆ ಸರಪಳಿ ಕಡಿಯುವುದಿಲ್ಲ. ನಮ್ಮ ಕಡೆ ಇದಕ್ಕೆ ಸಿಗಬೇಕಾದ ಪ್ರಚಾರ ಸಿಕ್ಕಿಲ್ಲ ಎಂಬ ಬೇಸರ ನನಗಿದೆ.

ಹೊರಗಿನ ಭಂಡಾರವೊಂದನ್ನು ಸೇರಿಸಿದಾಗ ‘ನೋ ಪಬ್‌ಕೀ’ ಎಂಬ ದೂರು ಬಂದರೆ, ಸಹಿ ಇದೆ, ಅದನ್ನು ತಾಳೆ ನೋಡುವ ಕೀಲಿ ನಿಮ್ಮಲ್ಲಿಲ್ಲ ಎಂದರ್ಥ. ಭಂಡಾರದ ಸಾಲಿನಲ್ಲಿ ‘ಟ್ರಸ್ಟೆಡ್ ಯೆಸ್’ ಎಂದು ಸೇರಿಸಿ ಬಾಯಿ ಮುಚ್ಚಿಸುವ ಸಲಹೆ ಎಲ್ಲೆಡೆ ಸಿಗುತ್ತದೆ; ದಯವಿಟ್ಟು ಕೇಳಬೇಡಿ. ತಯಾರಕರ ತಾಣದಿಂದಲೇ ಕೀಲಿ ತನ್ನಿ, ಫಿಂಗರ್‌ಪ್ರಿಂಟ್ ತಾಳೆ ನೋಡಿ, ಈಟಿಸಿ-ಆಪ್ಟ್-ಕೀರಿಂಗ್ಸ್ ಫೋಲ್ಡರಿನಲ್ಲಿಡಿ. ‘ಸೈನ್ಡ್-ಬೈ’ ಬರೆದು ಆ ಒಂದು ಭಂಡಾರಕ್ಕೆ ಮಾತ್ರ ಕಟ್ಟಿಹಾಕಿ. ಎಲ್ಲಕ್ಕೂ ನಂಬಿಕೆ ಕೊಟ್ಟರೆ ಆ ಕೀಲಿ ಡೆಬಿಯನ್ ಹೆಸರಿನಲ್ಲೂ ಸಹಿ ಹಾಕಬಲ್ಲದು.

ಭಂಡಾರ ಸರಿ, ಕೀಲಿಯೂ ಸರಿ, ಆದರೂ ಆಪ್ಟ್ ‘ರಿಲೀಸ್ ಫೈಲ್ ಇನ್ನೂ ಊರ್ಜಿತವಾಗಿಲ್ಲ’ ಎನ್ನುವುದುಂಟು. ಹಳೆಯ ಡೆಸ್ಕ್‌ಟಾಪ್ ಇರುವವರು ಸರ್ವರನ್ನು ಬೈಯುವ ಮೊದಲು ಪರದೆಯ ಮೂಲೆಯ ದಿನಾಂಕ ನೋಡಬೇಕು. ಮದರ್‌ಬೋರ್ಡಿನ ಸೆಲ್ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಆಗ ಇವತ್ತಿನ ಸಹಿ ಆ ಯಂತ್ರದ ಕಣ್ಣಿಗೆ ನಾಳೆಯದು. ಸಿಆರ್2032 ಸೆಲ್ ಹಾಕಿಸಿ, ದಿನಾಂಕ ಸರಿಪಡಿಸಿ, ಮತ್ತೊಮ್ಮೆ ಅಪ್‌ಡೇಟ್ ಓಡಿಸಿ.